ಮಂತ್ರಿಗೆ ಸೋತ ಅರಸ

ಕಾಂದಿವಲಿ ದಾಟುವಾಗ ನಿಖಿತಾಳಿಗೆ ತಾನು ರಾಜನೆಂದು ನಿಜವಾಗಿಯೂ ಅನ್ನಿಸಿಬಿಟ್ಟಿತು. ಭಾನುವಾರದ ಮಧ್ಯಾಹ್ನ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಹೇರ್‌ಕ್ಲಿಪ್ಪು ಮಾರುವವಳು, ಮಗುವಿಗೆ ಹಾಲು ಕುಡಿಸುವವಳು, ಬಾಗಿಲಲ್ಲಿ ಕೂದಲು ಹಾರಿಸಿಕೊಂಡು ನಿಂತ ಇಬ್ಬರು ಕಾಲೇಜು ಹುಡುಗಿಯರು, ಇವರೆಲ್ಲ ತನ್ನ ಪ್ರಜೆಗಳು, ಇವರ ಕ್ಷೇಮ ತನ್ನ ಹೊಣೆ ಎಂಬ ಉದಾರ ಭಾವ ಎದೆಯಲ್ಲಿ ಉಕ್ಕಿ ಬಂದು, ಬೇಡದಿದ್ದರೂ ಎರಡು ಕ್ಲಿಪ್ಪು ಕೊಂಡಳು. ಅವಳ ಪಾತ್ರ ಶೃಂಗಪುರದ ಅರಸ ಇಂದುಶೇಖರನದು. ತಂದೆ ತೀರಿಕೊಂಡು ವರ್ಷವಾಗಿಲ್ಲ, ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ. ನೆರೆಯ ವಜ್ರಪುರದ ಚಕ್ರವರ್ತಿಯ ಬಳಿ ಹಾರುವ ಆನೆಗಳ ಸೈನ್ಯವಿದೆ. ಅವನ ಮಗಳನ್ನು ಮದುವೆಯಾದರೆ ಆನೆಗಳು ಲಾಯದಲ್ಲೇ ಇರುತ್ತವೆ, ಇಲ್ಲವಾದರೆ ಶೃಂಗಪುರದ ಮೇಲೆ ಇಳಿಯುತ್ತವೆ. ಅರಸನೋ, ಬೇಟೆಯಲ್ಲಿ ದಾರಿ ತಪ್ಪಿ, ಉಪ್ಪು ಬೇಯಿಸುವವನ ಗುಡಿಸಲಲ್ಲಿ ರಾತ್ರಿ ಕಳೆದು, ಅವನ ಮಗಳಿಗೆ ಮಾತು ಕೊಟ್ಟು ಬಂದಿದ್ದಾನೆ. ಇವತ್ತು ಸಂಜೆ ಮಂಗಳೂರು ಕಡೆಯವರ ಸಂಘದ ಘಾಟ್ಕೋಪರಿನ ಹಾಲ್‌ನಲ್ಲಿ ಹೆಂಗಸರ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕುರ್ಚಿಯಲ್ಲಿ ಕೂತು ಬರೀ ಮಾತು. ಭಾಗವತರು ಒಂದು ಪದ ಹಾಡುತ್ತಾರೆ, ಆ ಪದಕ್ಕೆ ತಕ್ಕಂತೆ ರಾಜನಾದವನು ತನ್ನದೇ ಮಾತು ಕಟ್ಟಿ ಹೇಳಬೇಕು, ಎದುರು ಕೂತ ಮಂತ್ರಿ ಅದನ್ನು ಕತ್ತರಿಸಬೇಕು. ರಾಜ ಮಂತ್ರಿಯ ಮಾತು ಮೀರಿ ಉಪ್ಪಿನವಳನ್ನೇ ಆರಿಸುತ್ತಾನೆ, ಆನೆಗಳೂ ಬರುತ್ತವೆ, ಅರಸ ಗೆಲ್ಲುತ್ತಾನೆ. ಕತೆ ಅಷ್ಟೇ.

ತೊಂದರೆಯೆಂದರೆ ಮಂತ್ರಿ ಪಕ್ಕದಲ್ಲೇ ಕೂತು ಬನ್ಸ್ ತಿನ್ನಿಸುತ್ತಿದ್ದರು. ವಾರಿಜಾ ಆಂಟಿ ಸಂಘದ ಮಹಿಳಾ ವಿಭಾಗದ ಮುಖ್ಯಸ್ಥೆ, ಗಂಡ ಹೋದಮೇಲೆ ಬೊರಿವಲಿಯ ಎರಡು ಹೋಟೆಲನ್ನು ಒಬ್ಬರೇ ನಡೆಸಿದವರು, ಮಾತಿಗೆ ಕೂತರೆ ಗಂಡಸರ ತಂಡದ ಹಳೇ ಹುಲಿಗಳೇ ನೀರು ಕುಡಿಯುತ್ತಾರೆ ಎಂದು ಹೆಸರು. ಕೊನೆಯ ಅಭ್ಯಾಸಕ್ಕೆ ಬೆಳಗ್ಗೆ ಅವರ ಮನೆಗೇ ಬಾ ಎಂದಿದ್ದರು, ಹೋಗಿದ್ದಳು. ಅಭ್ಯಾಸಕ್ಕಿಂತ ತಿಂಡಿಯೇ ಹೆಚ್ಚಾಯಿತು. ಅವರ ಮಗ ಪ್ರೀತಮ್ ಚಡ್ಡಿಯಲ್ಲೇ ಬಂದು, ಬೈಕಿನ ಫೋಟೋ ತೋರಿಸಿ, ಮದುವೆಯ ಬಗ್ಗೆ ತನಗೇನೂ ಪ್ರಾಬ್ಲಂ ಇಲ್ಲ ಎಂದು ಹಿಂದಿಯಲ್ಲಿ ಹೇಳಿ ಹೋಗಿದ್ದ. ಹೌದು, ಅವನ ಜೊತೆ ಮದುವೆ. ಅದು ತೀರ್ಮಾನವಾದದ್ದು ಯಾವಾಗ ಎಂದು ಕೇಳಿದರೆ ನಿಖಿತಾಳಿಗೇ ಸರಿಯಾಗಿ ಗೊತ್ತಿಲ್ಲ. ಮುಂದಿನ ತಿಂಗಳು ಸಂಘದ ಚುನಾವಣೆ, ಅಪ್ಪ ಅಧ್ಯಕ್ಷಗಿರಿಗೆ ನಿಂತಿದ್ದಾರೆ, ಘಾಟ್ಕೋಪರಿನ ಓಟು ಅವರ ಕೈಯಲ್ಲಿದೆ, ಬೊರಿವಲಿಯದು ವಾರಿಜಾ ಆಂಟಿಯ ಕೈಯಲ್ಲಿ. ಇವತ್ತು ಆಟ ಮುಗಿದು ಮಂಗಳ ಹಾಡಿದ ಮೇಲೆ ಅದೇ ವೇದಿಕೆಯಿಂದ ಅಪ್ಪ ಸಂಬಂಧವನ್ನು ಜಾಹೀರು ಮಾಡಲಿದ್ದರು. ಶಾಲುಗಳು ಬಂದಾಗಿವೆ, ಊಟಕ್ಕೆ ಹೇಳಿಯಾಗಿದೆ. ಇಷ್ಟೆಲ್ಲ ಆಗುವಾಗ ರಾಜ ಎಲ್ಲಿದ್ದ ಎಂದರೆ ಬಾಯಲ್ಲಿ ಬನ್ಸ್ ಇಟ್ಟುಕೊಂಡು ಕೂತಿದ್ದ.

ವಾರಿಜಾ ಡಬ್ಬಿಯ ಮುಚ್ಚಳ ಹಾಕುತ್ತ, ಇವತ್ತು ನಿನ್ನನ್ನು ಬಿಡುವುದಿಲ್ಲ ಎಂದರು ನಗುತ್ತ. ಪದ ನಿನ್ನ ಕಡೆ ಉಂಟು, ಕೊನೆಗೆ ಗೆಲ್ಲುವುದು ನೀನೇ, ಆದರೆ ಸುಲಭಕ್ಕೆ ಗೆದ್ದರೆ ನಂಗೂ ಮರ್ಯಾದೆ ಇಲ್ಲ, ನಿಂಗೂ ಇಲ್ಲ ಎಂದರು. ಈ ಪ್ರಸಂಗವನ್ನು ಆರಿಸಿದ್ದೂ ಅವರೇ. ಆಗ ಸಂಬಂಧದ ಮಾತೇ ಇರಲಿಲ್ಲ. ಮಂತ್ರಿಗೆ ಅಷ್ಟು ಒಳ್ಳೆಯ ವಾದಗಳಿರುವ ಪ್ರಸಂಗ ಇನ್ನೊಂದಿಲ್ಲ ಎಂಬುದಷ್ಟೇ ಕಾರಣ. ಅವರ ಒರಟು ಬೆರಳುಗಳನ್ನು, ಎಣ್ಣೆಯ ಚಟ್ಟಿ ತಾಗಿದ ಹಳೆಯ ಕಲೆಯನ್ನು ನೋಡುತ್ತ ನಿಖಿತಾಳಿಗೆ ಅವರ ಮೇಲೆ ಪ್ರೀತಿಯೇ ಬಂತು. ಕೆಟ್ಟ ಅತ್ತೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು. ಈ ಮದುವೆ ಬೇಡ ಎಂದು ಈಗ ಹೇಳು, ಮಲಾಡ್ ಬರುವ ಮೊದಲು ಹೇಳು, ಗೋರೆಗಾಂವ್ ಬರುವ ಮೊದಲು ಹೇಳು. ಅಂಧೇರಿ ಬಂತು. ಇಬ್ಬರೂ ಜನರ ನಡುವೆ ತಳ್ಳಿಸಿಕೊಂಡು ಇಳಿದರು, ವಾರಿಜಾ ಅವಳ ಕೈ ಹಿಡಿದೇ ಇದ್ದರು, ಕಳೆದುಹೋಗುವ ಮಗುವನ್ನು ಹಿಡಿಯುವ ಹಾಗೆ.

ಮೆಟ್ರೋದಲ್ಲಿ ಸೀಟು ಸಿಗಲಿಲ್ಲ. ಸಾಕಿನಾಕಾ ಹತ್ತಿರ ಬಂದಾಗ ಪವಾಯಿಯ ಎತ್ತರದ ಕಟ್ಟಡಗಳು ದೂರದಲ್ಲಿ ಕಂಡವು, ಅವುಗಳಲ್ಲೊಂದರ ಲಿಫ್ಟಿನಲ್ಲಿ ಅವಳು ಒಂದು ಸಂಜೆ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದಿದ್ದಳು. ಲೈಟೂ ಹೋಗಿತ್ತು. ಅಯ್ಯೋ ದೇವರೇ ಎಂದು ಅಳುವ ದನಿಯಲ್ಲಿ ಅಂದದ್ದೇ ತಡ, ಮೇಲಿನಿಂದ, ಎಲ್ಲೋ ತಂತಿಗಳ ಕತ್ತಲಿನಿಂದ, ಒಂದು ಗಂಡಸಿನ ದನಿ ಬಂತು: ಕನ್ನಡದಾಕಿ ಇದ್ದೀ ಏನು, ಅಂಜಬ್ಯಾಡ, ಬಾಗಿಲಕ ಕೈ ಹಚ್ಚಬ್ಯಾಡ, ನಾ ಇಲ್ಲೇ ಇದ್ದೀನಿ. ಮುಖ ಕಾಣದ ಆ ದನಿ ಅವಳನ್ನು ಸುಮ್ಮನಾಗಲು ಬಿಡದೆ ಮಾತಾಡಿಸಿತು, ಊರು ಯಾವುದು, ಏನು ಉಂಡಿ, ಕೆಲಸ ಏನು ಎಂದು. ಬಾಗಿಲು ತೆರೆದಾಗ ಗ್ರೀಸು ಮೆತ್ತಿದ ಮುಖದ ಸುಭಾಷ, ಕಲಬುರ್ಗಿ ಕಡೆಯವನು, ಲಿಫ್ಟು ರಿಪೇರಿಯವನು, ಅವಳನ್ನು ನೋಡಿ ನಾಚಿಕೊಂಡು ಮೇಡಂ ಎಂದ. ನಿಖಿತಾಳ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ. ಕನ್ನಡ ಮದುವೆ ಕಾಗದದಲ್ಲಿ ಮಾತ್ರ. ಅವಳಿಗೆ ಈಗಿರುವಷ್ಟು ಕನ್ನಡ ಬಂದದ್ದು ಸುಭಾಷನ ಜೊತೆ ರಾತ್ರಿಯೆಲ್ಲ ಫೋನಿನಲ್ಲಿ ಮಾತಾಡಿ. ರಾಜನ ಪಾತ್ರ ಸಿಕ್ಕಾಗ ಅವನೇ ಮಂತ್ರಿಯಾಗಿ ಅಭ್ಯಾಸ ಮಾಡಿಸಿದ. ಆದರೆ ಅವನು ಎಂಥ ಮಂತ್ರಿ, ಎರಡನೇ ಮಾತಿಗೇ ಸೋತು, ನೀ ಹೇಳೋದು ಖರೇ ಅದ ಬಿಡು ಎಂದುಬಿಡುತ್ತಿದ್ದ.

ಅಸಲ್ಫಾ ಬಂತು, ಬಣ್ಣ ಬಳಿದ ಮನೆಗಳ ಗುಡ್ಡ ಕಿಟಕಿಯಲ್ಲಿ ಎದ್ದು ನಿಂತಿತು, ಹಳದಿ, ನೀಲಿ, ಗುಲಾಬಿ. ಯಾರೋ ಪ್ರವಾಸಿಗರು ಫೋಟೋ ತೆಗೆದರು. ಆ ಗುಡ್ಡದ ನೀಲಿಯೊಂದರ ಹಿಂದೆ ಬಣ್ಣ ಬಳಿಯದ ಕೋಣೆಯೊಂದಿದೆ, ಹೊರಗಿನಿಂದ ಕಾಣದ ಮನೆಗೆ ಯಾರೂ ಬಣ್ಣ ಬಳಿಯಲಿಲ್ಲ ಎಂದು ಸುಭಾಷ ನಗುತ್ತಿದ್ದ. ಹೋದ ತಿಂಗಳು ಅವಳು ಅಲ್ಲಿ ಚಾಪೆಯ ಮೇಲೆ ಕೂತು ಜೋಳದ ರೊಟ್ಟಿ ತಿಂದಿದ್ದಳು. ಅವನ ತಾಯಿ ಮಲ್ಲಕ್ಕ, ಇಪ್ಪತ್ತು ವರ್ಷ ಈ ಊರಿನ ಕಟ್ಟಡಗಳಿಗೆ ಇಟ್ಟಂಗಿ ಹೊತ್ತವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಅವಳ ಕಡೆ ನೋಡದೆ ಕೇಳಿದ್ದಳು: "ಯವ್ವಾ, ನಿಮ್ಮಪ್ಪಂದು ದೊಡ್ಡ ಹೋಟೆಲ್ ಅದ. ನೀ ಖರೇನೇ ಈ ಮನಿಗಿ ಬರ್ತಿ ಏನು, ಇಲ್ಲಾ ನನ್ನ ಮಗಗ ಆಶಾ ಹಚ್ಚಿ ಹೋಗ್ತಿ? ಈಗೇ ಹೇಳಿಬಿಡು, ನಾ ಏನೂ ಅನ್ನಂಗಿಲ್ಲ." ಬರ್ತೀನಿ ಎಂದಿದ್ದಳು ನಿಖಿತಾ. ಬಾಯಲ್ಲಿ ರೊಟ್ಟಿ ಇತ್ತು. ಮಲ್ಲಕ್ಕ ತಲೆಯಾಡಿಸಿ ಇನ್ನೊಂದು ರೊಟ್ಟಿ ಹಾಕಿದಳು, ಆ ವಿಷಯ ಮತ್ತೆ ಎತ್ತಲಿಲ್ಲ. ನಿನ್ನೆ ಅಪ್ಪ ಕಾರಿನಲ್ಲಿ, ಸಿಗ್ನಲಿನಲ್ಲಿ ನಿಂತಾಗ, ಬೊರಿವಲಿ ಬಾರದಿದ್ದರೆ ತಾನು ಗೆಲ್ಲುವುದಿಲ್ಲ ಮಗಾ ಎಂದು ಹೇಳಿ, ಹಾಗೆಂದು ನಿನಗೆ ಬೇಡದಿದ್ದರೆ ಎಂದು ಶುರುಮಾಡಿ, ಅಷ್ಟರಲ್ಲಿ ಸಿಗ್ನಲು ಹಸಿರಾಗಿ ಮಾತು ಅಲ್ಲಿಗೇ ನಿಂತಿತ್ತು. ಅವಳು ಸುಮ್ಮನಿದ್ದಳು. ಆ ಸುಮ್ಮನಿದ್ದದ್ದೇ ಒಪ್ಪಿಗೆಯಾಗಿ, ರಾತ್ರಿಯೊಳಗೆ ಬೊರಿವಲಿಯವರೆಗೂ ಹೋಗಿತ್ತು. ಒಂದು ಹೌದು ಬಾಯಿಬಿಟ್ಟು ಹೇಳಿದ್ದು, ಇನ್ನೊಂದು ಬಾಯಿಮುಚ್ಚಿ ಹೇಳಿದ್ದು; ಎರಡರಲ್ಲಿ ಯಾವುದು ತನ್ನದು ಎಂದು ಅವಳು ಘಾಟ್ಕೋಪರಿನ ತನಕ ಯೋಚಿಸಿದಳು. ಯೋಚಿಸುತ್ತಿದ್ದವಳಿಗೆ ಒಳಗೊಳಗೇ ಕುಣಿಯುವಷ್ಟು ಉತ್ಸಾಹ ಯಾಕೆ ಎಂದು ಮಾತ್ರ ಅರ್ಥವಾಗಲಿಲ್ಲ.

ಹಾಲ್‌ನಲ್ಲಿ ಅಪ್ಪ ಮೋನಪ್ಪ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದರು, ನಡುನಡುವೆ ಅಡುಗೆಯವರ ಕಡೆ ಓಡಿ ಸಾಂಬಾರಿನ ಉಪ್ಪು ನೋಡಿ ಬರುತ್ತಿದ್ದರು. ಬೊರಿವಲಿಯವರು ಬಸ್ಸು ಮಾಡಿಕೊಂಡು ಬಂದಿದ್ದರು. ಮುಂದಿನ ಸಾಲುಗಳನ್ನೆಲ್ಲ ಅವರಿಗೇ ಬಿಟ್ಟುಕೊಡಲಾಗಿತ್ತು, ಘಾಟ್ಕೋಪರಿನವರು ಮುಖ ಸಣ್ಣದು ಮಾಡಿಕೊಂಡು ಬದಿಗಳಲ್ಲಿ ಕೂತಿದ್ದರು. ಅಮ್ಮ ಅವಳ ಸೀರೆಗೆ ಇನ್ನೊಂದು ಪಿನ್ನು ಚುಚ್ಚಿ, ಕಿವಿಯಲ್ಲಿ, ಮುಗಿದಮೇಲೆ ಲಿಪ್‌ಸ್ಟಿಕ್ ಸರಿಮಾಡ್ಕೋ, ಫೋಟೋ ಉಂಟಲ್ಲ ಎಂದಳು. ನಿಖಿತಾ ಪರದೆಯ ಸಂದಿಯಿಂದ ನೋಡಿದಳು. ಕೊನೆಯ ಸಾಲಿನಲ್ಲಿ, ನೀರಿನ ಡ್ರಮ್ಮಿನ ಪಕ್ಕ, ಸುಭಾಷ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ, ಅವನ ಪಕ್ಕ ಮಲ್ಲಕ್ಕ, ಹಸಿರು ಇಳಕಲ್ಲಿನ ಸೆರಗು ತಲೆತುಂಬ ಹೊದ್ದು. ಬರಬೇಡ ಎಂದಿದ್ದಳು ಅವನಿಗೆ. ಕಾರಣ ಹೇಳಿರಲಿಲ್ಲ, ಆಫೀಸಿನವರಿದ್ದಾರೆ ಎಂದು ಏನೋ ಸುಳ್ಳು. ಆದರೆ ಮಲ್ಲಕ್ಕನಿಗೆ ಸೊಸೆ ರಾಜನಾಗುವುದನ್ನು ನೋಡಬೇಕಿತ್ತಂತೆ. ಅಷ್ಟರಲ್ಲೇ ಫೋನಿಗೆ ಮೆಸೇಜು ಬಂತು, ಅವ್ವ ಕಿರೀಟ ಯಾವಾಗ ಹಾಕ್ತಾರ ಅಂತ ಕೇಳಾಕತ್ಯಾಳ ಎಂದು. ಮಂಗಳದ ನಂತರ ಏನು ಕಾದಿದೆಯೆಂದು ಆ ಇಬ್ಬರಿಗೆ ಗೊತ್ತಿರಲಿಲ್ಲ. ನಿಖಿತಾಳಿಗೆ ಮುಖವೆಲ್ಲ ಬಿಸಿಯೇರಿತು, ನಾಚಿಕೆಯಿಂದಲೋ ಖುಷಿಯಿಂದಲೋ ಬೇರ್ಪಡಿಸಿ ಹೇಳಲು ಆಗುತ್ತಿರಲಿಲ್ಲ.

ಭಾಗವತಿಕೆ ಶ್ರಾವ್ಯಾಳದು, ಡೊಂಬಿವಲಿಯ ಹುಡುಗಿ, ಜಾಗಟೆ ಹಿಡಿದರೆ ಮೈಮೇಲೆ ಬಂದವಳ ಹಾಗೆ ಹಾಡುತ್ತಾಳೆ. ಮೊದಲ ಪದ ಮುಗಿದು ಮದ್ದಳೆ ನಿಂತಾಗ ನಿಖಿತಾ ಬಾಯಿ ತೆರೆದಳು, ಮೈಕು ಕೂಗಿತು, ಯಾರೋ ಸರಿಮಾಡಿದರು, ಮತ್ತೆ ತೆರೆದಳು. ಶುರುವಿಗೆ ಎಲ್ಲ ಅಭ್ಯಾಸದಂತೆಯೇ ಹರಿಯಿತು. ಉಪ್ಪಿನ ಹೊಗೆಯ ವರ್ಣನೆಗೆ ಒಂದಿಬ್ಬರು ಚಪ್ಪಾಳೆ ಹೊಡೆದರು. ಆಮೇಲೆ ವಾರಿಜಾ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾತು ತೆಗೆದುಕೊಂಡರು, ನೋಡನೋಡುತ್ತ ಬೊರಿವಲಿಯ ಹೋಟೆಲಿನ ಹೆಂಗಸು ಮಾಯವಾಗಿ, ಮೂರು ತಲೆಮಾರು ರಾಜರಿಗೆ ಬುದ್ಧಿ ಹೇಳಿ ದಣಿದ ಮಂತ್ರಿಯೊಬ್ಬ ಅಲ್ಲಿ ಕೂತಿದ್ದ. ಆನೆಗಳು ಇಳಿಯುವ ಊರಿನ ಚಿತ್ರ ಕೊಟ್ಟರು, ಒಲೆಯ ಮೇಲಿನ ಗಂಜಿ ಬಿಟ್ಟು ಓಡುವ ತಾಯಂದಿರ ಚಿತ್ರ ಕೊಟ್ಟರು. ಹಾಲ್ ಉಸಿರು ಹಿಡಿಯಿತು. ನಿಖಿತಾ ಉತ್ತರ ಕೊಡಲು ಹೋಗಿ, ಆವೇಶದಲ್ಲಿ, ನಾ ಮಾತು ಕೊಟ್ಟೀನಿ ಮಂತ್ರಿ, ಅದನ್ನ ಮುರಿಯಂಗಿಲ್ಲ ಎಂದುಬಿಟ್ಟಳು. ಮುಂದಿನ ಸಾಲುಗಳು ಗೊಳ್ಳೆಂದವು. ಮಂಗಳೂರಿನ ಹುಡುಗಿಯ ಬಾಯಲ್ಲಿ ಕಲಬುರ್ಗಿಯ ಅರಸ. ಅಪ್ಪನೂ ನಕ್ಕರು, ಪಾಪ, ಮಗಳು ಎಲ್ಲಿಂದಲೋ ಹಾಸ್ಯ ತಂದಳು ಎಂದು ಹೆಮ್ಮೆಯಿಂದ. ಹಿಂದಿನ ಸಾಲಿನಲ್ಲಿ ಇಬ್ಬರು ಮಾತ್ರ ನಗಲಿಲ್ಲ, ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಅವಳ ಕಿವಿಗಳು ಕೆಂಪಾದವು, ನಾಲಿಗೆ ತೊಡರಿತು, ಕಟ್ಟಿಟ್ಟುಕೊಂಡ ಮಾತುಗಳೆಲ್ಲ ಒಂದೊಂದಾಗಿ ಕೈಬಿಟ್ಟವು.

ವಾರಿಜಾ ಆ ನಗುವನ್ನು ಬಳಸಿಕೊಳ್ಳಲಿಲ್ಲ, ಅದು ಅವರ ದೊಡ್ಡತನ. ನಗು ಇಳಿಯುವ ತನಕ ಕಾದು, ದನಿ ತಗ್ಗಿಸಿದರು.

"ಪ್ರಭು, ತಾವು ಮಾತು ಕೊಟ್ಟದ್ದು ಒಬ್ಬಳಿಗೆ. ಪಟ್ಟಕ್ಕೆ ಕೂತ ದಿನ ಈ ನೆಲದ ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದೀರಿ. ಆ ಒಂದನ್ನು ಉಳಿಸಲಿಕ್ಕೆ ಈ ಸಾವಿರವನ್ನು ಮುರಿಯುತ್ತೀರಾದರೆ ಮುರಿಯಿರಿ. ಆದರೆ ಅದನ್ನು ಸತ್ಯ ಎಂದು ಕರೆಯಬೇಡಿ. ನಿಮ್ಮ ಇಷ್ಟ ಎಂದು ಕರೆಯಿರಿ."

ಸುಭಾಷ ಮಂತ್ರಿಯಾಗಿದ್ದಾಗ ವಾದ ಇಷ್ಟು ದೂರ ಬಂದದ್ದೇ ಇಲ್ಲ. ಅವಳು ಅಪ್ಪನನ್ನು ನೋಡಿದಳು, ಮುಂದೆಯೇ ಕೂತಿದ್ದರು, ಮಂತ್ರಿಯ ಮಾತಿಗೆ ಎಲ್ಲರಂತೆ ತಲೆದೂಗುತ್ತ. ಹದಿನಾಲ್ಕನೆಯ ವಯಸ್ಸಿಗೆ ಈ ಊರಿಗೆ ಬಂದು ಕಪ್ಪು ತೊಳೆದವರು, ಆ ಸಂಘದ ಗೋಡೆಯ ಮೇಲೆ ತನ್ನದೊಂದು ಫೋಟೋ ಬರಬೇಕೆಂಬುದು ಬಿಟ್ಟು ಬೇರೇನೂ ಕೇಳಿಕೊಳ್ಳದವರು. ಅದಲ್ಲವೇ ಸಾವಿರ ಮಾತು, ಅದನ್ನು ಮುರಿದು ತಾನು ಏನು ಸತ್ಯ ಹೇಳಲಿಕ್ಕಿದೆ. ಇಷ್ಟ, ಬರೀ ಇಷ್ಟ, ಗ್ರೀಸಿನ ವಾಸನೆಯ ಒಂದು ಇಷ್ಟ. ಎಲ್ಲರೂ ಕಾಯುತ್ತಿದ್ದರು. ಆಗಲಿ ಮಂತ್ರಿ, ಎಂದು ಕೇಳಿಸಿತು, ನಿಮ್ಮ ಇಚ್ಛೆಯಂತೆಯೇ ಆಗಲಿ. ಹೇಳಿದ್ದು ತಾನೇ ಎಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು.

ತಾಳಮದ್ದಳೆಯಲ್ಲಿ ಎಂಥ ತಪ್ಪಿಗೂ ಕ್ಷಮೆಯಿದೆ, ಇದಕ್ಕಿಲ್ಲ. ಎಷ್ಟು ಬೇಕಾದರೂ ಸುತ್ತು ಹೊಡೆಯಬಹುದು, ಎದುರಿನವನನ್ನು ಅಳಿಸಬಹುದು, ನಗಿಸಬಹುದು, ಆದರೆ ಕೊನೆಗೆ ಮುಂದಿನ ಪದಕ್ಕೆ ಬಂದು ಸೇರಲೇಬೇಕು. ಮುಂದಿನ ಪದ, ಒಲ್ಲೆನೆಂದನು ಭೂಪ, ಶ್ರಾವ್ಯಾಳ ಬಾಯಲ್ಲಿ ಸಿದ್ಧವಾಗಿ ಕೂತಿತ್ತು. ರಾಜ ಆಗಲಿ ಎಂದುಬಿಟ್ಟ ಮೇಲೆ ಅದನ್ನು ಹಾಡುವುದು ಹೇಗೆ? ಅವಳು ಜಾಗಟೆಯ ಕೋಲನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿದಳು. ಮದ್ದಳೆಯವನ ಕೈ ಚರ್ಮದ ಮೇಲೆ ಹಾಗೇ ನಿಂತಿತು. ಗೊತ್ತಿದ್ದವರ ಸಾಲಿನಲ್ಲಿ ಗುಸುಗುಸು ಎದ್ದಿತು, ಮೋನಪ್ಪನ ಮಗಳು ಪ್ರಸಂಗವನ್ನೇ ಕೊಂದಳು ಎಂದು. ಕೊಂದದ್ದು ನಿಜ. ಉಪ್ಪಿನವಳು ಇನ್ನು ಗುಡಿಸಲ ಬಾಗಿಲಲ್ಲಿ ಕಾಯುತ್ತ ಕೂರುತ್ತಾಳೆ, ಯಾರೂ ಬರುವುದಿಲ್ಲ, ಯಾಕೆ ಬರಲಿಲ್ಲ ಎಂದು ಅವಳಿಗೆ ಯಾರೂ ಹೇಳುವುದೂ ಇಲ್ಲ. ನಿಖಿತಾಳಿಗೆ ಆ ಇಲ್ಲದ ಹುಡುಗಿಯ ಮೇಲೆ ಕನಿಕರ ಉಕ್ಕಿ ಕಣ್ಣು ತುಂಬಿತು, ಲಿಪ್‌ಸ್ಟಿಕ್ಕಿನ ಜೊತೆ ಕಾಡಿಗೆಯೂ ಹೋಯಿತು ಎಂದುಕೊಂಡಳು.

ಎದುರಾಳಿ ಬಿದ್ದರೆ ಎತ್ತಿ ಪದದ ಬಳಿ ತಂದು ನಿಲ್ಲಿಸುವುದೂ ಬಲ್ಲವರ ಧರ್ಮ. ವಾರಿಜಾ ಗೆದ್ದವರ ಹಾಗೆ ಹಿಂದಕ್ಕೆ ಒರಗಬಹುದಿತ್ತು. ಅವರು ಒರಗಲಿಲ್ಲ. ಕೈಮುಗಿದು, ಮೈಕಿಗೆ ಇನ್ನಷ್ಟು ಹತ್ತಿರ ಬಂದು, "ಪ್ರಭು, ಹೆದರಿ ಆಡಿದ ಮಾತನ್ನು ಮಂತ್ರಿ ಕೇಳಿಸಿಕೊಳ್ಳುವುದಿಲ್ಲ. ಇನ್ನೊಮ್ಮೆ ಅಪ್ಪಣೆಯಾಗಲಿ" ಎಂದರು.

ಅವರ ಕಣ್ಣಿನಲ್ಲಿ ಏಳು ಮಾರಾಯ್ತಿ ಎಂಬ ಸಣ್ಣ ಬೈಗುಳವಿತ್ತು. ನಿಖಿತಾ ಮೈಕನ್ನು ಹತ್ತಿರ ಎಳೆದುಕೊಂಡಳು. ಹೆದರಿದ್ದು ಹೌದಲ್ಲ. ಯಾತಕ್ಕೆ ಹೆದರಿದೆ ಎಂದು ಹುಡುಕಿದರೆ ಅಲ್ಲಿ ಆನೆಗಳಿರಲಿಲ್ಲ. "ಹೌದು ಮಂತ್ರಿ, ಹೆದರಿದೆ," ಎಂದಳು ದೊಡ್ಡ ದನಿಯಲ್ಲಿ. "ವಜ್ರಪುರಕ್ಕಲ್ಲ. ನೀವು ಒಳ್ಳೆಯವರು, ನೀವು ನೊಂದುಕೊಳ್ಳುತ್ತೀರಿ ಎಂದು ಹೆದರಿದೆ. ಪಟ್ಟದ ದಿನ ಪ್ರಜೆಗಳಿಗೆಲ್ಲ ಮಾತು ಕೊಟ್ಟೆ ಎಂದಿರಿ. ಆ ಉಪ್ಪಿನವಳು ಪ್ರಜೆಯಲ್ಲವೇ? ಎಲ್ಲರಿಗಿಂತ ಬಡವಳಿಗೆ ಕೊಟ್ಟ ಮಾತನ್ನೇ ಮೊದಲು ಮುರಿದವನ ಕೈಯಲ್ಲಿ ಉಳಿದವರ ಮಾತು ಎಷ್ಟು ದಿನ ಉಳಿದೀತು? ಇಷ್ಟ ಎಂದು ಕರೆಯಿರಿ, ಕರೆದುಕೊಳ್ಳಿ. ನನ್ನ ಇಷ್ಟವೂ ಅದೇ, ನನ್ನ ಮಾತೂ ಅದೇ. ನಾ ಒಲ್ಲೆ." ಆ ಒಲ್ಲೆ ಇನ್ನೂ ಮೈಕಿನಲ್ಲಿರುವಾಗಲೇ ಶ್ರಾವ್ಯಾ ಹಾರಿಬಿದ್ದು ಪದ ಎತ್ತಿಕೊಂಡಳು, ಮದ್ದಳೆ ಗುಡುಗಿತು, ಹಾಲ್‌ಗೆ ಹಾಲೇ ಚಪ್ಪಾಳೆ ಹೊಡೆಯಿತು, ಬೊರಿವಲಿಯ ಸಾಲುಗಳು ಎಲ್ಲರಿಗಿಂತ ಜೋರಾಗಿ. ನಿಖಿತಾಳಿಗೆ ಕುರ್ಚಿ ನೆಲ ಬಿಟ್ಟು ಎದ್ದ ಹಾಗಾಯಿತು. ಹೇಳಿಬಿಟ್ಟೆ, ಎಲ್ಲರೆದುರಿಗೆ ಹೇಳಿಬಿಟ್ಟೆ, ಮುಗಿಯಿತು ಎಂದು ಮನಸ್ಸು ಕುಣಿಯಿತು. ಮುಂದೆ ಆನೆಗಳು ಬಂದದ್ದು, ಅರಸ ಅವುಗಳನ್ನು ಉಪ್ಪು ತಿನ್ನಿಸಿ ಒಲಿಸಿಕೊಂಡದ್ದು, ಮಂಗಳ ಹಾಡಿದ್ದು, ಯಾವುದೂ ಅವಳಿಗೆ ಸರಿಯಾಗಿ ನೆನಪಿಲ್ಲ.

ಮುಗಿದಿರಲಿಲ್ಲ ಎಂದು ತಿಳಿದದ್ದು ಮಂಗಳದ ನಂತರ. ಜನ ಎದ್ದು ಬಂದು ಅವಳ ಕೈ ಕುಲುಕಿದರು, ಬಿದ್ದು ಎದ್ದದ್ದು ನಾಟಕವೆಂದೇ ತಿಳಿದು ಹೊಗಳಿದರು, ಬೊರಿವಲಿಯ ಹಿರಿಯರೊಬ್ಬರು ನಮ್ಮ ಸೊಸೆ ಎಂದೇ ಸುತ್ತಲಿನವರಿಗೆ ತೋರಿಸಿದರು. ಅದರೊಳಗಿನ ಅವಳ ಸ್ವಂತ ಮಾತು ಯಾರಿಗೂ ಕೇಳಿಸಿರಲಿಲ್ಲ. ವೇದಿಕೆಯ ಮೇಲೆ ಶಾಲುಗಳ ತಟ್ಟೆ ಬಂತು, ವಾರಿಜಾರಿಗೆ ಒಂದನ್ನು ಹೊದಿಸಿದರು, ಪ್ರೀತಮ್‌ನನ್ನು ಮೇಲೆ ಕರೆದರು. ನಿಖಿತಾ ವಾರಿಜಾರ ತೋಳು ಹಿಡಿದು, ಆಂಟಿ, ನಾನು ಅಲ್ಲಿ ಹೇಳಿದ್ದು ಎಂದು ಶುರುಮಾಡಿದಳು. ಅವರು ಅವಳ ಕೆನ್ನೆ ತಟ್ಟಿ, ಕೂತಲ್ಲಿ ಆಡಿದ್ದನ್ನು ಕೂತಲ್ಲೇ ಬಿಡಬೇಕು, ನಾನೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಚಂದ ಹೇಳಿದೆ, ಮುಂದಿನ ವರ್ಷ ಇನ್ನೂ ದೊಡ್ಡ ಪಾತ್ರ ಕೊಡುತ್ತೇನೆ ಎಂದರು. ಅಪ್ಪ ಮೈಕು ಹಿಡಿದು, ಅಲ್ಲಿ ನಮ್ಮ ಅರಸ ಮದುವೆಗೆ ಒಲ್ಲೆ ಅಂದಾಯಿತು, ಇಲ್ಲಿ ಏನು ಹೇಳುತ್ತಾನೆ ನೋಡೋಣ ಎಂದರು. ಎಲ್ಲರೂ ನಕ್ಕರು. ಅವಳು ಹಿಂದಿನ ಸಾಲನ್ನು ನೋಡಿದಳು. ಸುಭಾಷ ನಗುತ್ತಿರಲಿಲ್ಲ, ಎದ್ದೂ ನಿಂತಿರಲಿಲ್ಲ, ತಟ್ಟೆಯನ್ನು, ಪ್ರೀತಮ್‌ನನ್ನು, ಅವಳನ್ನು ಬೇರೆಬೇರೆಯಾಗಿ ನೋಡುತ್ತಿದ್ದ. ಮಲ್ಲಕ್ಕ ಅವನ ಕೈಯ ಮೇಲೆ ಕೈಯಿಟ್ಟಿದ್ದಳು.

ಆವೇಶ ಎಲ್ಲಿ ಹೋಯಿತೋ. ಮೈಕಿನ ಕಡೆ ನಡೆದಾಗ ಮೊದಲು ಬಾಯಿಗೆ ಬಂದದ್ದು ಹಿಂದಿ, ಏಕ್ ಮಿನಿಟ್ ಪಪ್ಪಾ ಎಂದು. ಅಪ್ಪ ಮೈಕು ಕೊಟ್ಟರು, ಧನ್ಯವಾದ ಹೇಳುತ್ತಾಳೆ ಎಂದುಕೊಂಡು. ತುಳುವಿನಲ್ಲಿ ಹೇಳಿದರೆ ಮನೆಯವರ ಮುಂದೆಯೇ ಮುಗಿಯುತ್ತಿತ್ತು. ಆದರೆ ಮಾತು ಯಾರಿಗೆ ಕೊಟ್ಟಿದ್ದಳೋ ಆಕೆಗೆ ತುಳು ಬರುವುದಿಲ್ಲ.

"ವಾರಿಜಾ ಆಂಟಿ, ಅಲ್ಲಿ ಕೂತು ಹೇಳಿದ್ದು ರಾಜಂದು. ಅದನ್ನ ಅಲ್ಲೇ ಬಿಟ್ಟೀನಿ. ಈಗ ನಿಂತು ಹೇಳ್ತೀನಿ, ಇದು ನಂದು. ನನಗ ಈ ಮದುವಿ ಬ್ಯಾಡ. ಪ್ರೀತಮ್ ಒಳ್ಳೆಯವನೇ. ಆದರ ನಾನು ಮೊದಲೇ ಮಾತು ಕೊಟ್ಟೀನಿ, ಅಸಲ್ಫಾದ ಮಲ್ಲಕ್ಕಗ. ಅವರ ಮಗ ಸುಭಾಷನ ಮದುವಿ ಆಗ್ತೀನಿ. ಅವರು ಅಲ್ಲಿ ಹಿಂದ ಕೂತಾರ."

ಈ ಸಲ ಯಾರೂ ನಗಲಿಲ್ಲ. ತಲೆಗಳು ಸಾಲುಸಾಲಾಗಿ ಹಿಂದಕ್ಕೆ ತಿರುಗಿದವು. ಅಷ್ಟು ಮುಖಗಳನ್ನು ಒಮ್ಮೆಗೇ ಕಂಡು ಮಲ್ಲಕ್ಕ ಅರ್ಧ ಎದ್ದು, ಸೆರಗು ಎಳೆದುಕೊಂಡು, ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಮಾಡಿ ಮತ್ತೆ ಕೂತಳು. ನಿಖಿತಾಳ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಮೈಕಿಗೆ ಕೇಳಿಸೀತೆಂದು ಅದನ್ನು ದೂರ ಹಿಡಿದಳು. ಹೆದರಿಕೆಯೇ ಅದು, ಆದರೆ ಲಿಫ್ಟಿನ ಬಾಗಿಲು ತೆರೆದು ಗಾಳಿ ಬಂದಾಗಿನ ಹೆದರಿಕೆ.

ವಾರಿಜಾ ಅವಳ ಕೈಯಿಂದ ಮೈಕು ತೆಗೆದು ಕೆಳಗಿಟ್ಟು, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದರು. "ಬೆಳಗ್ಗಿನಿಂದ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ ನಿಖಿತಾ. ಟ್ರೇನಲ್ಲಿ ಒಂದು ಮಾತು ಹೇಳಿದ್ದರೆ ನಾನು ಇಷ್ಟು ಜನರ ಎದುರು ಹೀಗೆ ನಿಲ್ಲಬೇಕಿರಲಿಲ್ಲ." ಅದು ಸತ್ಯವಾಗಿತ್ತು. ಅದಕ್ಕೆ ಯಾವ ಪದವೂ ಇರಲಿಲ್ಲ, ಎತ್ತಿ ನಿಲ್ಲಿಸುವ ಎದುರಾಳಿಯೂ ಇರಲಿಲ್ಲ. ತಪ್ಪಾಯ್ತು ಆಂಟಿ ಎಂದಳು. ವಾರಿಜಾ ಹೆಗಲ ಮೇಲಿನ ಶಾಲು ತೆಗೆದು, ನಾಲ್ಕು ಮಡಿಕೆ ಮಾಡಿ ಮಂತ್ರಿಯ ಕುರ್ಚಿಯ ಮೇಲಿಟ್ಟು, ಪ್ರೀತಮ್‌ನನ್ನು ಕರೆದುಕೊಂಡು ಮೆಟ್ಟಿಲು ಇಳಿದರು. ಕೆಳಗಿಳಿದು ನಿಂತು ಮೋನಪ್ಪನವರ ಕಡೆ ತಿರುಗಿ, ಬೊರಿವಲಿಯವರು ಬೊರಿವಲಿಗೆ ಹೋಗುತ್ತೇವೆ ಮೋನಪ್ಪಣ್ಣ, ಊಟ ಬೇಡ ಎಂದರು. ಪ್ರೀತಮ್ ಹೋಗುತ್ತ ಒಮ್ಮೆ ಹಿಂತಿರುಗಿ ನೋಡಿದ, ಅವನ ಮುಖದಲ್ಲಿ ಸಿಟ್ಟಿನ ಕುರುಹೂ ಇರಲಿಲ್ಲ.

ಮೊದಲ ಸಾಲು ಎದ್ದಿತು. ಅದರ ಹಿಂದೆ ಎರಡನೆಯದು, ಮೂರನೆಯದು, ಕುರ್ಚಿಗಳನ್ನು ಸರಿಸುವ ಸದ್ದು ಹಾಲ್ ತುಂಬ. ಮೋನಪ್ಪ ಕೈಯಿಂದ ಯಾರನ್ನೋ ತಡೆಯುವ ಹಾಗೆ ಮಾಡಿ, ಮತ್ತೆ ಕೈ ಇಳಿಸಿದರು. ತನ್ನ ಅಧ್ಯಕ್ಷಗಿರಿ ಬಸ್ಸು ಹತ್ತುವುದನ್ನು ಅವರು ನಿಂತು ನೋಡಿದರು. ಕೊನೆಯವರು ಬಾಗಿಲು ದಾಟಿದ ಮೇಲೆ ಕೇಳಿದರು, ತಿರುಗದೆಯೇ. "ನಿನ್ನೆ ಕಾರಲ್ಲಿ ಬೇಡ ಅಂತ ಯಾಕೆ ಹೇಳಲಿಲ್ಲ? ನಾನು ಕೇಳಿದ್ದೆ." ಹೆದರಿಕೆ ಆಯ್ತು ಪಪ್ಪಾ ಎಂದಳು. "ನನಗೆ?" ಎಂದರು ಅವರು, ಅದೊಂದೇ ಮಾತು, ಚುನಾವಣೆ ಕೈತಪ್ಪಿದ್ದಕ್ಕಿಂತ ಹೆಚ್ಚು ನೊಂದವರ ಹಾಗೆ. ಅವಳಿಗೆ ಅಳು ಬಂತು. ಅಳುವಾಗಲೂ ಒಳಗಿನ ಆ ಹಾರಾಟ ನಿಲ್ಲಲಿಲ್ಲ, ತಡೆದರೆ ಇನ್ನಷ್ಟು ಎದ್ದು ಬಂತು, ಅಪ್ಪನ ಎದುರು ಹಾಗೆ ಖುಷಿಯಾಗಿ ನಿಂತಿರಲು ಅವಳಿಗೆ ನಾಚಿಕೆಯಾಯಿತು.

ಮುಂದಿನ ಸಾಲುಗಳೆಲ್ಲ ಖಾಲಿಯಾಗಿ, ಬದಿಯಲ್ಲಿ ಘಾಟ್ಕೋಪರಿನ ಕೆಲವರು ಏನು ಮಾಡಬೇಕೆಂದು ತಿಳಿಯದೆ ಉಳಿದಿದ್ದರು. ವೇದಿಕೆಗೂ ನೀರಿನ ಡ್ರಮ್ಮಿಗೂ ನಡುವೆ ಈಗ ಯಾರೂ ಇರಲಿಲ್ಲ. ಆ ಕೊನೆಯಲ್ಲಿ ಇಬ್ಬರು, ಕಾರ್ಯಕ್ರಮ ಇನ್ನೂ ಇದೆಯೇನೋ ಎಂಬಂತೆ, ಎದ್ದರೆ ತಪ್ಪಾದೀತೆಂದು ಹೆದರಿ, ನೆಟ್ಟಗೆ ಕೂತಿದ್ದರು. ಮೋನಪ್ಪ ಅವರನ್ನು ನೋಡಿದರು, ಸುಭಾಷನನ್ನು ಮೇಲಿಂದ ಕೆಳಗೆ, ಮಲ್ಲಕ್ಕನನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಅಡುಗೆಯ ಕಡೆಯಿಂದ ಯಾರೋ ಬಂದು ಎಲೆ ಹಾಕಬಹುದೇ ಎಂದು ಕೇಳಿದ. ಮೋನಪ್ಪ ಹಾಕು ಎಂದರು. ಆಮೇಲೆ ಕೆಳಗೆ ಬಿದ್ದಿದ್ದ ಮೈಕಿನ ವೈರನ್ನು ಸುತ್ತುತ್ತ, ಮಗಳ ಮುಖ ನೋಡದೆ, ಹೋಟೆಲಿನವರು ಮಾತ್ರ ಹೇಳುವ ಒಂದು ದನಿಯಲ್ಲಿ ಹೇಳಿದರು.

"ಇಷ್ಟು ಅನ್ನ ಉಳಿಯುತ್ತದೆ. ಹೋಗು, ಅವರನ್ನು ಊಟಕ್ಕೆ ಕರಿ."

ನಿಖಿತಾ ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಇಳಿದಳು, ಖಾಲಿ ಕುರ್ಚಿಗಳ ನಡುವೆ ಮೊದಲು ನಡೆದಳು, ಆಮೇಲೆ ಓಡಿದಳು.